ಆರ್ಲೋ ಟಿಬೆಟ್ಸನ ಥರ್ಮಾಕೋಲ್ ಸಮಾಧಿ

ಆರ್ಲೋ ಟಿಬೆಟ್ಸ್ ಸತ್ತುಹೋದನೆಂಬ ಸುದ್ದಿ ನನಗೆ ತಲುಪಿದ್ದು ಅಕ್ಟೋಬರಿನ ಮೊದಲ ಮಂಗಳವಾರ ಬೆಳಗ್ಗೆ, ಒಲೆಯ ಮೇಲೆ ಸೇಬಿನ ಗೊಜ್ಜು ಕುದಿಯುತ್ತಿದ್ದಾಗ. ಫೋನ್ ಮಾಡಿದವಳು ಹೆಸ್ಟರ್ ಪ್ರೂಯಿಟ್. ನಮ್ಮ ಚರ್ಚಿನ ಊಟದ ಸಮಿತಿಗೆ ಅವಳೇ ಯಜಮಾನಿ. ಊರಿನಲ್ಲಿ ಯಾರ ಮನೆಯಲ್ಲೇ ಆಗಲಿ, ಸಾವು, ಹೆರಿಗೆ, ಮೊಣಕಾಲಿನ ಆಪರೇಷನ್, ಏನೇ ನಡೆದರೂ ಯಾರು ಯಾವ ಹೊತ್ತಿಗೆ ಏನು ಬೇಯಿಸಿಕೊಂಡು ಹೋಗಬೇಕೆಂದು ಅವಳು ಹೇಳುತ್ತಾಳೆ, ನಾವು ಬೇಯಿಸುತ್ತೇವೆ.

"ಡೆಲ್ಲಾ, ಕೂತ್ಕೊಂಡಿದ್ದೀಯಾ? ನಮ್ಮ ಆರ್ಲೋ ಹೋಗ್ಬಿಟ್ಟ ಕಣೇ."

"ಎಲ್ಲಿಗೆ?" ಎಂದೆ ನಾನು, ಸೌಟು ತಿರುಗಿಸುತ್ತಾ.

"ಎಲ್ಲಿಗೆ ಅಂತ ದೇವರಿಗೇ ಗೊತ್ತು. ಸತ್ತೋದ ಅಂದೆ. ನಿನ್ನೆ ಸಾಯಂಕಾಲ ಅವರ ಮನೆ ಮುಂದೆ ಕಾರಲ್ಲಿ ಬರ್ತಿದ್ದೆ, ಕಣ್ಣಾರೆ ನೋಡ್ದೆ. ಮೇಪಲ್ ಮರದ ಕೆಳಗೆ ಸಮಾಧಿ ಕಲ್ಲು ನಿಲ್ಸಿದ್ದಾರೆ. ಹೆಸರಿದೆ, ಇಸವಿ ಇದೆ. ಮಣ್ಣು ಇನ್ನೂ ಹಸಿ ಹಸಿ."

"ಮನೆ ಮುಂದೇನಾ? ಸ್ಮಶಾನ ಬಿಟ್ಟು?"

"ಸತ್ತಿರೋದು ಆರ್ಲೋ ಅಲ್ವೇನೇ? ಸ್ಮಶಾನದಲ್ಲಿ ಜಾಗಕ್ಕೆ ದುಡ್ಡು ಕೊಡ್ಬೇಕು. ಸುಟ್ಟು ಬೂದಿ ಮಾಡ್ಸಿ ಅಂಗಳದಲ್ಲೇ ಹೂತಿಡು ಅಂತ ಹೇಳಿ ಹೋಗಿರ್ತಾನೆ."

ಆಮೇಲೆ ನಾನು ಒಂದು ಗಳಿಗೆಯೂ ಅನುಮಾನ ಪಡಲಿಲ್ಲ. ಇಡೀ ಓಹಾಯೋದಲ್ಲಿ ಸತ್ತ ಮೇಲೂ ಉಳಿತಾಯ ಮಾಡುವ ಮನುಷ್ಯನೊಬ್ಬನಿದ್ದರೆ ಅವನು ಆರ್ಲೋ. ಅಡುಗೆಯ ಅಲ್ಯೂಮಿನಿಯಂ ಹಾಳೆಯನ್ನು ತೊಳೆದು ಹಗ್ಗದ ಮೇಲೆ ಒಣಗಿ ಹಾಕುವವನು. ತನಗೆ ಬಂದ ಹುಟ್ಟುಹಬ್ಬದ ಕಾರ್ಡಿನ ಹೆಸರು ಕೆರೆದು, ಕಳಿಸಿದವರ ಹೆಸರನ್ನೇ ಬರೆದು, ಅವರಿಗೇ ಮರಳಿ ಕಳಿಸಿದ ಇತಿಹಾಸವೂ ಉಂಟು. ಹಾಗೆಂದು ಕೆಟ್ಟವನಲ್ಲ. ನಲವತ್ತು ವರ್ಷ ಊರಿನ ಬೋರ್ಡುಗಳನ್ನೆಲ್ಲ ಬರೆದ ಕೈ ಅವನದು. ನಮ್ಮ ಬ್ಯಾರೊ ಮಿಲ್ಸ್ ಊರಿನ ಅಗ್ನಿಶಾಮಕ ಗಾಡಿಯ ಮೇಲಿರುವ ಬಂಗಾರದ ಅಕ್ಷರಗಳನ್ನು ನೋಡಿದವರು, ಬೆಂಕಿ ಬಿದ್ದರೂ ಚಿಂತೆಯಿಲ್ಲ, ಈ ಗಾಡಿ ಮನೆ ಮುಂದೆ ನಿಂತರೆ ಸಾಕು ಅನ್ನುತ್ತಿದ್ದರು.

ಹೆಸ್ಟರ್ ಕೊನೆಗೆ ತಾಕೀತು ಮಾಡಿದಳು: "ಯಾರೂ ಬಾಗಿಲು ಬಡೀಬೇಡಿ, ಫೋನ್ ಮಾಡ್ಬೇಡಿ. ಮಾರ್ವಾ ಮನಸಾರೆ ಅತ್ಕೊಳ್ಲಿ ಪಾಪ. ಪಾತ್ರೆ ಜಗಲಿ ಮೇಲಿಟ್ಟು ಸುಮ್ನೆ ಬಂದ್ಬಿಡಿ. ಅವನ ತಮ್ಮನಿಗೆ ನಾನೇ ತಿಳಿಸ್ತೀನಿ."

ಹೆಸ್ಟರಳ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಇನ್ನೂ ಎರಡು ವಾರ ದೂರವಿತ್ತು ಎಂಬುದು ಆ ಹೊತ್ತಿಗೆ ನನಗೆ ನೆನಪಾಗಲೇ ಇಲ್ಲ.

ನಿಜವಾಗಿ ನಡೆದದ್ದನ್ನು ಆರ್ಲೋನ ಹೆಂಡತಿ ಮಾರ್ವಾ ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದಳು.

ಟಿಬೆಟ್ಸ್ ದಂಪತಿಗಳು ಇರುವ ಸೈಕಮೋರ್ ಬೀದಿ ಅಕ್ಟೋಬರ್ ಕೊನೆಯ ದಿನದ ಭೂತಗಳ ಹಬ್ಬ ಹ್ಯಾಲೋವೀನಿಗೆ ಹೆಸರುವಾಸಿ. ಆ ಸಂಜೆ ಅಕ್ಕಪಕ್ಕದ ಮೂರು ಊರುಗಳ ಮಕ್ಕಳು ವೇಷ ಹಾಕಿಕೊಂಡು ಮಿಠಾಯಿ ಕೇಳಲು ಬರುವುದು ಅಲ್ಲಿಗೇ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಬಡಿಸಿ ನಿವೃತ್ತಳಾದ ಮಾರ್ವಾಳಿಗೆ ಮಕ್ಕಳ ಗದ್ದಲವಿಲ್ಲದೆ ಜೀವ ಬಾಡುತ್ತಿತ್ತು. ಎದುರು ಮನೆಯವರು ಎರಡಾಳೆತ್ತರದ ಅಸ್ಥಿಪಂಜರ ತಂದು ನಿಲ್ಲಿಸಿದ್ದರು, ಪಕ್ಕದವರ ಅಂಗಳದಲ್ಲಿ ಹೊಗೆ ಕಾರುವ ಯಂತ್ರ ಬಂದಿತ್ತು. ಇವರದ್ದು ಆ ಬೇಸಿಗೆಯಲ್ಲಿ ಚಾವಣಿ ಬದಲಿಸಿ ಕೈ ಬರಿದಾಗಿತ್ತು.

"ಈ ಸಲ ಏನಾದ್ರೂ ಕೊಳ್ಳೋಣ. ಒಂದೇ ಒಂದು," ಎಂದಳಂತೆ ಮಾರ್ವಾ.

"ಭೂತ ಕೊಳ್ಳೋದಾ? ದುಡ್ಡು ಕೊಟ್ಟು? ಗ್ಯಾರೇಜಲ್ಲಿ ಇರೋ ಸಾಮಾನಲ್ಲಿ ಹದಿನೈದು ಭೂತ ಮಾಡ್ಬೋದು, ಮಾರಾಯ್ತಿ."

"ಮಾಡು ಮತ್ತೆ."

ಅವನು ಬಾಯಿ ಜಾರಿ ಆಡಿದ ಮಾತು. ಅವಳು ಬಿಡಲಿಲ್ಲ. ಹಾಲಿನ ಖಾಲಿ ಡಬ್ಬಿಗಳಿಗೆ ತಲೆಬುರುಡೆಯ ಮುಖ ಬರೆದು ಸಾಲಾಗಿ ಇಟ್ಟರು. ಕಸದ ಕಪ್ಪು ಚೀಲಗಳಿಗೆ ಉದುರಿದ ಎಲೆ ತುಂಬಿ, ಹಳೆಯ ನೀರಿನ ಪೈಪು ಕತ್ತರಿಸಿ ಕಾಲು ಜೋಡಿಸಿ, ಆಡಿನಷ್ಟು ದೊಡ್ಡ ಜೇಡ ಮಾಡಿದರು. ಫ್ರಿಜ್ ಮಾರುವ ಅಂಗಡಿಯ ಹಿಂದೆ ಬಿಸಾಡಿದ್ದ ಥರ್ಮಾಕೋಲ್ ಹಲಗೆಗಳನ್ನು ಹೊತ್ತು ತಂದರು. ಆರ್ಲೋ ಅವನ್ನು ಕಮಾನಿನಂತೆ ಕೊಯ್ದು, ಅಂಚುಗಳನ್ನು ಚಾಕುವಿನಿಂದ ಕಚ್ಚು ಮಾಡಿ, ಉಳಿದ ಬೂದು ಬಣ್ಣಕ್ಕೆ ಮರಳು ಕಲಸಿ ಬಳಿದ. ಎರಡಡಿ ದೂರದಿಂದ ನೋಡಿದರೂ ನೂರು ವರ್ಷದ ಕಲ್ಲು.

ಅಕ್ಷರ ಬರೆಯುವಾಗ ಅವನಿಗೆ ಹುರುಪು ಬಂದುಬಿಟ್ಟಿತು. ಹಳೆಯ ಪೆಟ್ಟಿಗೆಯಿಂದ ಸಣ್ಣ ಕುಂಚಗಳನ್ನು ತೆಗೆದ. ಯಾರ ಹೆಸರು ಬರೆಯುವುದು? ಊರವರ ಹೆಸರು ಬರೆದರೆ ಜಗಳ. ಸುಳ್ಳು ಹೆಸರು ಹೊಳೆಯಲಿಲ್ಲ. ತನ್ನದನ್ನೇ ಬರೆದ. ಹುಟ್ಟಿದ ಇಸವಿ, ಈಗಿನ ಇಸವಿ. ಕೆಳಗೆ ಸಣ್ಣದಾಗಿ: "ಏಣಿ ಹಿಡಿದುಕೊಳ್ಳುತ್ತೇನೆಂದು ಹೆಂಡತಿ ಹೇಳಿದ್ದಳು."

ಮಳೆ ಗಾಳಿಗೆ ಬಣ್ಣ ನಿಲ್ಲುವುದೋ ಇಲ್ಲವೋ ನೋಡಲು ಅದೊಂದನ್ನು ಮಾತ್ರ ಸೋಮವಾರ ಹೊರಗೆ ನಿಲ್ಲಿಸಿದರು. ಗಾಳಿಗೆ ಹಾರದಿರಲೆಂದು ಮಾರ್ವಾ ಒಂದು ಗೇಣು ಆಳಕ್ಕೆ ಹೂತಳು. ಏಣಿಯ ತಮಾಷೆ ಬರೆದಿದ್ದ ಸಾಲು ಮಣ್ಣಿನೊಳಗೆ ಮುಚ್ಚಿಹೋಯಿತು. ಪಕ್ಕದಲ್ಲೇ ಬೆಳ್ಳುಳ್ಳಿ ನೆಡಲು ಆರಡಿ ಉದ್ದದ ಪಾತಿ ಅಗೆದಳು.

ಮಂಗಳವಾರ ಅವರಿಬ್ಬರೂ ಹಳೆಯ ಹಾಸುಬಟ್ಟೆ ಹುಡುಕಿಕೊಂಡು ಪಕ್ಕದ ಊರಿನ ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದರು. ಆ ಹೊತ್ತಿನಲ್ಲೇ ನಾವೆಲ್ಲ ಒಬ್ಬೊಬ್ಬರಾಗಿ ಬೆಕ್ಕಿನಂತೆ ಹೆಜ್ಜೆಯಿಟ್ಟು ಬಂದು ಜಗಲಿಯ ಮೇಲೆ ಪಾತ್ರೆ ಇಟ್ಟು ಹೋದದ್ದು. ನಾನು ಒಯ್ದದ್ದು ಚೀಸ್ ಹಾಕಿ ಬೇಯಿಸಿದ ಮ್ಯಾಕರೋನಿ. ಕಲ್ಲಿನ ಮುಂದೆ ಒಂದು ನಿಮಿಷ ತಲೆ ತಗ್ಗಿಸಿ ನಿಂತೆ ಕೂಡ. ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ, ಪುಣ್ಯಾತ್ಮ ಕೂಲಿ ಉಳಿಸಲು ಸಾಯುವ ಮೊದಲೇ ತಾನೇ ಬರೆದಿಟ್ಟುಕೊಂಡನಲ್ಲ ಅನ್ನಿಸಿ ಕಣ್ಣು ತುಂಬಿ ಬಂತು.

ಪಾತ್ರೆಯ ಮೇಲೆ ಒಂದು ಚೀಟಿಯನ್ನೂ ಅಂಟಿಸಿದ್ದೆ. ಇವತ್ತಿಗೂ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಪ್ರೀತಿಯ ಮಾರ್ವಾ, ಒರಟು ಸ್ವಭಾವವಾದರೂ ಮನೆಗೆ ನಿಷ್ಠನಾಗಿದ್ದ. ಪಾಪ, ಈಗ ಅವನ ಸೊಂಟಕ್ಕೆ ನೋವಿಲ್ಲ."

ಸಂಜೆ ಮನೆಗೆ ಬಂದವರಿಗೆ ಜಗಲಿಯ ಮೇಲೆ ಎಂಟು ಪಾತ್ರೆ, ಎರಡು ಕಡುಬು, ಒಂದು ಇಡೀ ಹಂದಿ ತೊಡೆ ಕಾಣಿಸಿತು.

"ಇದೇನಿದು?" ಎಂದ ಆರ್ಲೋ, ಆಗಲೇ ಒಂದು ಮುಚ್ಚಳ ತೆಗೆದು ಮೂಸುತ್ತಾ.

ಮಾರ್ವಾ ಕನ್ನಡಕ ಹಾಕಿಕೊಂಡು ನನ್ನ ಚೀಟಿ ಓದಿದಳು. ಕಣ್ಣೊರೆಸಿಕೊಂಡಳು. ಅವರ ಮುದಿ ನಾಯಿ ರಸ್ಟಿ ಹಿಂದಿನ ತಿಂಗಳಷ್ಟೇ ಸತ್ತಿತ್ತು. ಅದಕ್ಕೂ ಸೊಂಟದ ಕಾಯಿಲೆ. ಮಾರ್ವಾಳ ಬಾಯಲ್ಲಿ ಅದೂ "ಅವನು".

"ರಸ್ಟಿಗೆ ಕಣೋ. ರಸ್ಟಿ ಹೋಗಿದ್ದಕ್ಕೆ ಊರೆಲ್ಲ ಇಷ್ಟು ಮರುಗ್ತಿದೆ."

"ಆ ನಾಯಿ ಪೋಸ್ಟಿನವನನ್ನ ಮೂರು ಸಲ ಕಚ್ಚಿತ್ತು."

"ಒರಟು ಅಂತ ಬರ್ದಿದ್ದಾರಲ್ಲ."

ಇನ್ನೊಂದು ಚೀಟಿಯಲ್ಲಿ, "ಅವನಿಲ್ಲದೆ ರಾತ್ರಿ ಹಾಸಿಗೆ ತಣ್ಣಗನ್ನಿಸಬಹುದು, ಧೈರ್ಯವಾಗಿರು," ಎಂದಿತ್ತು. ರಸ್ಟಿ ಮಲಗುತ್ತಿದ್ದದ್ದು ಅವರ ಹಾಸಿಗೆಯ ಮೇಲೆಯೇ. ಆರ್ಲೋ ತಟ್ಟೆ ತಂದ. ಒಂದು ವಾರ ದಿನಸಿ ತರುವುದು ಬೇಡವೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು, ನನ್ನ ಮ್ಯಾಕರೋನಿಯನ್ನು ಎರಡು ಸಲ ಬಡಿಸಿಕೊಂಡನಂತೆ.

ಬುಧವಾರ ಜೇಡ, ಬುರುಡೆಗಳನ್ನೂ ಅಂಗಳಕ್ಕೆ ತಂದಿಟ್ಟ ಮೇಲೆ ಮಾರ್ವಾಳಿಗೆ ದೊಡ್ಡ ಭೂತ ಮಾಡಬೇಕಿತ್ತು. ಹಾಸುಬಟ್ಟೆಯನ್ನು ಗಂಜಿಯಲ್ಲಿ ಅದ್ದಿ, ಮನುಷ್ಯಾಕಾರದ ಗೊಂಬೆಯ ಮೇಲೆ ಹರವಿ ಒಣಗಿಸಿದರೆ, ಗೊಂಬೆ ತೆಗೆದ ಮೇಲೂ ಬಟ್ಟೆ ಹಾಗೆಯೇ ಸೆಟೆದು ನಿಲ್ಲುತ್ತದೆ. ಗೊಂಬೆ ಕೊಳ್ಳಲು ದುಡ್ಡಿಲ್ಲ. ಗಂಡ ಇದ್ದ.

"ನಾನಾ?"

"ನೀನೇ ಅಲ್ವಾ ಕೊಳ್ಳೋದು ಬೇಡ ಅಂದಿದ್ದು?"

ಕುತ್ತಿಗೆಯಿಂದ ಕೆಳಗೆ ಪ್ಲಾಸ್ಟಿಕ್ ಸುತ್ತಿ, ಬಟ್ಟೆ ಮುಖಕ್ಕೆ ಅಂಟದಿರಲೆಂದು ಅಗಲ ಅಂಚಿನ ಟೋಪಿ ಹಾಕಿಸಿ, ಎತ್ತಿದ ಎರಡೂ ಕೈಗೆ ಆಸರೆಯಾಗಿ ಎರಡು ಪೊರಕೆ ಕೋಲು ನೆಟ್ಟು, ಅವನನ್ನು ಅಂಗಳದ ಬಿಸಿಲಲ್ಲಿ ನಿಲ್ಲಿಸಿದಳು. ಮೇಲೆ ಗಂಜಿಯ ಬಟ್ಟೆ ಬಿತ್ತು. ತಲೆಗೂದಲು ಒಣಗಿಸುವ ಯಂತ್ರಕ್ಕೆ ಉದ್ದ ವಯರು ಜೋಡಿಸಿ ಸುತ್ತಲೂ ಬಿಸಿಗಾಳಿ ಊದುತ್ತಾ ಬಂದಳು.

"ಮೂಗು ಕೆರೀತಿದೆ."

"ಭೂತಕ್ಕೆ ಮೂಗಿರಲ್ಲ. ಅಲ್ಲಾಡ್ಬೇಡ."

ಒಂದು ಗಂಟೆ ಕಳೆಯುವಷ್ಟರಲ್ಲಿ ಬಟ್ಟೆ ಹಪ್ಪಳದಂತೆ ಗರಿಗರಿಯಾಯಿತು. ಅಷ್ಟರಲ್ಲಿ ಫ್ಯೂಸ್ ಹಾರಿ ಯಂತ್ರ ನಿಂತಿತು. "ಹೀಗೇ ಇರು, ಈಗ ಬಂದೆ," ಎಂದು ಮಾರ್ವಾ ನೆಲಮಾಳಿಗೆಗೆ ಇಳಿದಳು.

ಆಗಲೇ ವೆಂಡಲ್ ಕಾರಿನಿಂದ ಇಳಿದದ್ದು.

ವೆಂಡಲ್ ಆರ್ಲೋನ ತಮ್ಮ. ಮೂರು ಗಂಟೆ ದಾರಿಯಾಚೆ ಕೆರೆಯ ದಡದಲ್ಲಿ ಗಾಳ, ಎರೆಹುಳು ಮಾರುವ ಅಂಗಡಿ ಇಟ್ಟಿದ್ದ. ಅಣ್ಣ ತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾರಣ ಅಂಗಡಿಯ ಬೋರ್ಡು. ಆರ್ಲೋ ಬರೆದುಕೊಟ್ಟ ಆ ಚಂದದ ಬೋರ್ಡಿನಲ್ಲಿ ಫೋನ್ ನಂಬರಿನ ಕೊನೆಯ ಎರಡು ಅಂಕಿ ಅದಲು ಬದಲಾಗಿತ್ತು. ಒಂದು ಇಡೀ ಬೇಸಿಗೆ ಎರೆಹುಳು ಬೇಕೆಂದವರೆಲ್ಲ ಒಬ್ಬ ಹಲ್ಲಿನ ವೈದ್ಯನಿಗೆ ಫೋನ್ ಮಾಡಿದರು. "ನೀನು ತಪ್ಪು ಬರ್ದೆ," ಎಂದ ತಮ್ಮ. "ನೀನು ಕೊಟ್ಟಿದ್ದನ್ನ ಬರ್ದೆ," ಎಂದ ಅಣ್ಣ. ನಂಬರು ಬರೆದುಕೊಟ್ಟ ಚೀಟಿ ಎಲ್ಲಿಯೂ ಸಿಗಲಿಲ್ಲ. ವೆಂಡಲ್ ಆ ಬೋರ್ಡು ಇಳಿಸಿ, ಅಚ್ಚು ಹಾಕಿದ ಪ್ಲಾಸ್ಟಿಕ್ ಬೋರ್ಡು ನೇತುಹಾಕಿದ. ಬೋರ್ಡು ಬರೆಯುವವನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ನಾನು ಆ ಹೊತ್ತಿಗೆ ಕುಂಬಳಕಾಯಿ ಕಡುಬು ಹಿಡಿದುಕೊಂಡು ಬೇಲಿಯ ಹತ್ತಿರ ಬಂದಿದ್ದೆ. ಅಂಗಳದ ತುಂಬ ಜೇಡ, ಬುರುಡೆ, ನಡುವೆ ಕೈಯೆತ್ತಿ ನಿಂತ ಬಿಳಿ ಭೂತ. ಗಂಡ ಸತ್ತ ಮೂರನೇ ದಿನಕ್ಕೇ ಹ್ಯಾಲೋವೀನ್ ಕೆಲಸ! ದುಃಖ ಮನುಷ್ಯರ ಕೈಯಲ್ಲಿ ಏನೆಲ್ಲ ಮಾಡಿಸುತ್ತದೋ ಎಂದುಕೊಂಡೆ. ಕಪ್ಪು ಸೂಟು ಹಾಕಿದ ವೆಂಡಲ್ ಟೋಪಿ ತೆಗೆದು ಕಲ್ಲಿನ ಮುಂದೆ ನಿಂತದ್ದು ಕಂಡು, ಅವನ ದುಃಖಕ್ಕೆ ಅಡ್ಡಿಯಾಗಬಾರದೆಂದು ಬೇಲಿಯ ಮರೆಯಲ್ಲೇ ನಿಂತೆ. ಕೇಳಿಸಿಕೊಳ್ಳಬೇಕೆಂದು ನಿಂತದ್ದಲ್ಲ. ಕೇಳಿಸಿತು, ಅಷ್ಟೇ.

ವೆಂಡಲ್ ಮೊಣಕಾಲೂರಿ ಕೂತ. ಕಲ್ಲಿನ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ.

"ನಿನ್ನ ಕೈ ಬರಹಾನೇ," ಎಂದ. "ನಂಗೆ ಗೊತ್ತಾಗಲ್ವಾ? ಲೋ, ಸಾಯೋ ಮುಂಚೆ ಒಂದು ಫೋನ್ ಮಾಡಕ್ಕೇನಾಗಿತ್ತು ನಿಂಗೆ?"

ಭೂತದ ತಲೆ ಒಂದಿಷ್ಟು ಕಲ್ಲಿನತ್ತ ತಿರುಗಿದಂತೆ ನನಗೆ ಕಂಡಿತು. ಗಾಳಿ ಇರಬೇಕೆಂದುಕೊಂಡೆ. ಆರ್ಲೋ ಆಮೇಲೆ ಹೇಳಿದ ಪ್ರಕಾರ, ತಮ್ಮನ ದನಿ ಕೇಳಿದ ಕೂಡಲೇ ಅವನಿಗೆ ಕೂಗಬೇಕೆನ್ನಿಸಿತು. ಆದರೆ ಇವನು ಎಲ್ಲಿಯವರೆಗೆ ಹೋಗುತ್ತಾನೋ ನೋಡೋಣವೆಂದು ಉಸಿರು ಬಿಗಿಹಿಡಿದ.

ವೆಂಡಲ್ ಮೂಗು ಒರೆಸಿಕೊಂಡ. "ಪ್ಲಾಸ್ಟಿಕ್ ಬೋರ್ಡು ಎರಡೇ ವರ್ಷಕ್ಕೆ ಬಣ್ಣ ಹೋಯ್ತು. ಗಿರಾಕಿಗಳು ಈಗಲೂ ನಿನ್ನ ಬೋರ್ಡೇ ಕೇಳ್ತಾರೆ. ಇನ್ನೊಂದು ಮಾತಿದೆ. ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ದೆ. ಆ ಚೀಟಿ ಕಳ್ದಿರ್ಲಿಲ್ಲ ಕಣೋ. ನನ್ನ ಮಳೆಕೋಟಿನ ಜೇಬಲ್ಲೇ ಸಿಕ್ತು. ನಂಬರು ತಪ್ಪು ಬರ್ದಿದ್ದು ನಾನೇ."

"ಗೊತ್ತಿತ್ತು ನಂಗೆ!" ಎಂದು ಭೂತ ಕಿರುಚಿತು.

ವೆಂಡಲ್ ಹಿಂದಕ್ಕೆ ಹಾರಿ ಜೇಡದ ಹೊಟ್ಟೆಯ ಮೇಲೆ ಬಿದ್ದ. ಚೀಲ ಒಡೆದು ಎಲೆಯೆಲ್ಲ ಆಕಾಶಕ್ಕೆ ಎದ್ದಿತು. ನನ್ನ ಕೈಯ ಕಡುಬು ಬೇಲಿಯಾಚೆ ಹೋಯಿತು. ಭೂತ ಪೊರಕೆ ಕೋಲುಗಳನ್ನು ಕಿತ್ತುಕೊಂಡು, ಬಟ್ಟೆ ಸೆಟೆದಿದ್ದರಿಂದ ಕೈ ಇಳಿಸಲಾಗದೆ, ಎರಡೂ ಕೈ ಮೇಲೆತ್ತಿಕೊಂಡೇ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಅವನತ್ತ ನಡೆಯಿತು.

"ಇನ್ನೊಂದ್ಸಲ ಹೇಳು! ಯಾರ ತಪ್ಪು?"

"ನಂದು! ನಂದೇ! ದೇವ್ರಾಣೆ ನಂದು!" ಎಂದು ವೆಂಡಲ್ ಎಲೆಗಳೊಳಗೆ ತೆವಳುತ್ತಾ ಅರಚಿದ.

ಗದ್ದಲ ಕೇಳಿ ಮಾರ್ವಾ ಓಡಿ ಬಂದಳು. "ಅಯ್ಯೋ, ಮುರೀಬೇಡ ಅದನ್ನ! ತೋಳು, ತೋಳು ನೋಡ್ಕೋ!" ಎಂದಳು. ಅವಳ ಚಿಂತೆ ಗಂಜಿ ಬಟ್ಟೆಯದ್ದು. ಆಮೇಲಷ್ಟೇ ಕಪ್ಪು ಸೂಟಿನವನನ್ನು ನೋಡಿದಳು. "ವೆಂಡಲ್? ನಾಯಿಗೋಸ್ಕರ ಅಷ್ಟು ದೂರದಿಂದ ಬಂದ್ಯಾ?"

ಯಾರಿಗೂ ಏನೂ ಅರ್ಥವಾಗಲಿಲ್ಲ. ನಾನೇ ಬೇಲಿಯ ಮರೆಯಿಂದ ಹೊರಗೆ ಬಂದು, ಹೆಸ್ಟರ್ ಹೇಳಿದ್ದು, ಪಾತ್ರೆಗಳು, ಚೀಟಿ, ಎಲ್ಲ ಬಿಡಿಸಿ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ನನ್ನ ದನಿ ಸಣ್ಣದಾಯಿತು. ಕತ್ತರಿಯಲ್ಲಿ ಬೆನ್ನು ಸೀಳಿಸಿಕೊಂಡು ಹೊರಬಂದ ಆರ್ಲೋ ಗಂಜಿ ಮುಖದಲ್ಲೇ ನನ್ನನ್ನು ದಿಟ್ಟಿಸಿದ.

"ಒರಟು ಸ್ವಭಾವ. ಅದು ನನ್ನ ಬಗ್ಗೆ ಬರ್ದಿದ್ದಾ ಡೆಲ್ಲಾ?"

"ನಿಷ್ಠ ಅಂತಲೂ ಬರ್ದಿದ್ದೀನಲ್ಲಪ್ಪಾ," ಎಂದೆ.

ವೆಂಡಲ್ ಅಣ್ಣನನ್ನು ಮೇಲಿಂದ ಕೆಳಗೆ ನೋಡಿದ. ಮುಖ ಕೆಂಪಾಯಿತು. "ಮೂರು ಗಂಟೆ ಅತ್ಕೊಂಡು ಗಾಡಿ ಓಡಿಸ್ಕೊಂಡು ಬಂದೆ ಕಣೋ ದರಿದ್ರದವನೇ. ಈ ಸೂಟು ಬಾಡಿಗೇದು!" ಎಂದು ಎದ್ದುಬಂದು ಅವನ ಎದೆಗೊಂದು ಗುದ್ದಿದ. ಆಮೇಲೆ ಅದೇ ಕೈಯಿಂದ ಅವನಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಿಡಿದುಕೊಂಡು ಬಿಡಲೇ ಇಲ್ಲ. ಅದರ ಮೇಲೆ ಇನ್ನೂ ಹಸಿಯಾಗಿದ್ದ ಗಂಜಿಯೆಲ್ಲ ಸೂಟಿಗೆ ಮೆತ್ತಿಕೊಂಡಿತು. ಆರ್ಲೋ ತಮ್ಮನ ತಲೆಗೂದಲಿನಿಂದ ಎಲೆ ಹೆಕ್ಕುತ್ತಾ, "ಊಟ ಮಾಡ್ತೀಯಾ? ಬೇಕಾದಷ್ಟಿದೆ," ಎಂದಷ್ಟೇ ಹೇಳಿದ.

ಆ ಭಾನುವಾರ ಆರ್ಲೋ ಚರ್ಚಿನೊಳಗೆ ಕಾಲಿಟ್ಟಾಗ ಹಿಂದಿನ ಸಾಲಿನ ಮುದುಕರೊಬ್ಬರು "ಅಯ್ಯಪ್ಪಾ!" ಎಂದು ಎದ್ದು ನಿಂತರು. ಹೆಸ್ಟರ್ ಮಾತ್ರ ಸ್ವಲ್ಪವೂ ಅಳುಕಲಿಲ್ಲ. "ಸಮಾಧಿ ಕಲ್ಲು ಇಟ್ಕೊಂಡವರು ಸಾಯ್ಬೇಕಪ್ಪ, ನಮ್ಮನ್ನ ಬೈದ್ರೆ ಹೇಗೆ?" ಎಂದಳು. ಹಂದಿ ತೊಡೆ ಹಿಂದಕ್ಕೆ ಕೊಡಬೇಕೆಂದೂ ಕೇಳಿದಳು. ಅದು ಆಗಲೇ ಮೂಳೆಯಾಗಿತ್ತು. ಆ ಮೂಳೆಯನ್ನೂ ಆರ್ಲೋ ಅಂಗಳದಲ್ಲಿ ಬುರುಡೆಗಳ ಪಕ್ಕ ಅಲಂಕಾರಕ್ಕೆ ಇಟ್ಟಿದ್ದ.

ವೆಂಡಲ್ ಎರಡು ದಿನವೆಂದು ಉಳಿದವನು ತಿಂಗಳು ಮುಗಿಯುತ್ತಾ ಬಂದರೂ ಹೋಗಲಿಲ್ಲ. ಚಳಿಗೆ ಮೀನೂ ಇಲ್ಲ, ಗಿರಾಕಿಯೂ ಇಲ್ಲ ಎಂದ. ಹರಿದ ಜೇಡವನ್ನು ಹೊಲಿದದ್ದು ಅವನೇ, ಗಾಳದ ದಾರದಲ್ಲಿ. ಭೂತದ ಸೀಳಿದ ಬೆನ್ನನ್ನು ಅಂಟಿಸಿ ಮರಕ್ಕೆ ಕಟ್ಟಿದ. ಇಡೀ ದಿನ ಅಣ್ಣ ತಮ್ಮಂದಿರು ಕಿತ್ತಾಡುವುದು ಬೀದಿಯ ತುದಿಯವರೆಗೆ ಕೇಳುತ್ತಿತ್ತು. ಮಾರ್ವಾ ಕಿವಿಗೆ ಹತ್ತಿ ಇಟ್ಟುಕೊಂಡು ಹಾಯಾಗಿದ್ದಳು.

ಹ್ಯಾಲೋವೀನಿನ ದಿನ ಸಂಜೆ ಆರಕ್ಕೆ ಊರಿನ ಸೈರನ್ ಕೂಗಿತು. ಆರರಿಂದ ಎಂಟರವರೆಗೆ ಮಕ್ಕಳು ಮನೆ ಮನೆಗೆ ಹೋಗಬಹುದು. ಸತ್ತು ಬದುಕಿದವನ ಮನೆ ನೋಡಲು ಎಷ್ಟು ಜನ ಬಂದರೆಂದರೆ, ಎರಡಾಳೆತ್ತರದ ಅಸ್ಥಿಪಂಜರದ ಕಡೆ ಯಾರೂ ತಿರುಗಲಿಲ್ಲ. ಆರೂ ಮುಕ್ಕಾಲಿಗೆ ಮಾರ್ವಾಳ ಮಿಠಾಯಿ ಬುಟ್ಟಿ ಖಾಲಿ. ಗೇಟಿನಾಚೆ ಇನ್ನೂ ನೂರು ಮಕ್ಕಳು.

"ಅಂಗಡಿಗೆ ಹೋಗಿ ತಗೊಂಡ್ಬಾ," ಎಂದಳು ಗಂಡನಿಗೆ.

"ಈ ಹೊತ್ತಲ್ಲಿ ಎರಡರಷ್ಟು ಬೆಲೆ ಹಾಕಿರ್ತಾರೆ!"

"ಮಕ್ಕಳನ್ನ ಬರಿಗೈಲಿ ಕಳಿಸ್ತೀಯಾ?"

ಆರ್ಲೋ ತಲೆ ಕೆರೆದುಕೊಂಡು ಗ್ಯಾರೇಜಿಗೆ ಹೋದ. ಬಣ್ಣ ಕಲಕುವ ಮರದ ಪಟ್ಟಿಗಳ ಒಂದು ಪೆಟ್ಟಿಗೆ ಹೊತ್ತು ತಂದ. ನಲವತ್ತು ವರ್ಷ ಬಣ್ಣದಂಗಡಿಗಳಲ್ಲಿ ಪುಕ್ಕಟೆ ಕೊಟ್ಟದ್ದನ್ನೆಲ್ಲ ಕೂಡಿಟ್ಟಿದ್ದ. ಜಗಲಿಯ ದೀಪದ ಕೆಳಗೆ ಮುಕ್ಕಾಲಿ ಹಾಕಿಕೊಂಡು ಕೂತು, ಬಂಗಾರದ ಬಣ್ಣದ ಡಬ್ಬಿ ತೆರೆದ.

"ನಿನ್ನ ಹೆಸರೇನಮ್ಮಾ?" ಎಂದ ಮೊದಲ ಮಾಟಗಾತಿಗೆ.

"ಓಡೆಟ್."

ಕುಂಚ ನಾಲ್ಕು ಸಲ ಬಾಗಿತು. ಬಾಲವಿರುವ, ಬಳ್ಳಿಯಂತೆ ಸುತ್ತಿಕೊಂಡ ಅಕ್ಷರಗಳು ಪಟ್ಟಿಯ ಮೇಲೆ ಮೂಡಿದವು. ಹುಡುಗಿ ಅದನ್ನು ಮಂತ್ರದಂಡದಂತೆ ಎತ್ತಿ ಹಿಡಿದು ಕುಣಿಯುತ್ತಾ ಓಡಿದಳು. ಅಷ್ಟೇ ಸಾಕಾಯಿತು. ಕೈಯಲ್ಲಿ ಮಿಠಾಯಿ ತುಂಬಿದ ಚೀಲಗಳಿದ್ದ ಮಕ್ಕಳೂ ಸಾಲು ಹಿಡಿದರು. ಸಾಲು ಬೀದಿಯ ಮೂಲೆ ತಿರುಗಿತು. ವೆಂಡಲ್ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತು, ಪ್ರತಿ ಮಗುವಿನ ಹೆಸರನ್ನೂ ಅಕ್ಷರ ಅಕ್ಷರವಾಗಿ ಕೇಳಿ, ಎರಡು ಸಲ ಖಾತ್ರಿ ಮಾಡಿಕೊಂಡು ಅಣ್ಣನಿಗೆ ಹೇಳುತ್ತಿದ್ದ.

ಕಡಲ್ಗಳ್ಳನ ವೇಷದ ಒಬ್ಬ ಪುಟಾಣಿ, "ಮ್ಯಾಕ್ಸಿಮಿಲಿಯನ್ ಥಿಯೊಡೋರ್," ಎಂದ.

"ನಿಮ್ಮಪ್ಪ ಅಮ್ಮಂಗೆ ಸಣ್ಣ ಹೆಸರು ಸಿಗ್ಲಿಲ್ವೇನೋ?" ಎಂದ ಆರ್ಲೋ. ಪಟ್ಟಿ ಸಾಲದೆ ಇನ್ನೊಂದು ಪಟ್ಟಿಗೆ ಮೊಳೆ ಹೊಡೆದು ಜೋಡಿಸಿಕೊಟ್ಟ.

ಎಂಟಕ್ಕೆ ಸೈರನ್ ಮತ್ತೆ ಕೂಗಿತು. ಬೀದಿಯ ಬೇರೆ ಮನೆಗಳ ದೀಪ ಆರಿದವು. ಆದರೆ ಈ ಸಾಲಿನಿಂದ ಒಬ್ಬರೂ ಕದಲಲಿಲ್ಲ. ಮಾರ್ವಾ ಒಳಗಿನಿಂದ ಬಿಸಿ ಸೇಬಿನ ರಸ ತಂದು ಕಾಯುತ್ತಿದ್ದ ತಾಯಿ ತಂದೆಯರಿಗೆ ಹಂಚುತ್ತಾ, ಶಾಲೆಯ ಅಡುಗೆಮನೆಯಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ, "ನೂಕಬೇಡಿ, ಎಲ್ಲರಿಗೂ ಸಿಗುತ್ತೆ, ನೂಕಬೇಡಿ!" ಎಂದು ಕೂಗಿದಳು. ಆರ್ಲೋ ಬೆರಳುಗಳನ್ನು ಒಮ್ಮೆ ಕೊಡವಿಕೊಂಡು, ಮುಂದಿನ ಪಟ್ಟಿ ತೆಗೆದುಕೊಂಡ.